ಸತ್ತವಳು ಕೊಟ್ಟ ಗುಣನಡತೆ

“ಬೆರಳು ತಣ್ಣಗಿತ್ತು ಸಾರ್,” ಎಂದ ಪಿಳ್ಳಣ್ಣ. “ಅದೊಂದು ಮಾತ್ರ ಚೆನ್ನಾಗಿ ಜ್ಞಾಪಕ ಇದೆ.”

“ಆಷಾಢದಲ್ಲಿ ಎಲ್ಲರ ಬೆರಳೂ ತಣ್ಣಗಿರುತ್ತೆ. ಮುಂದೆ ಹೇಳಿ.”

ಅರಿಶಿನಕುಂಟೆಯ ಹೆದ್ದಾರಿ ಪಕ್ಕದ ಟೀ ಹೋಟೆಲು. ಹೆಡ್ ಕಾನ್‌ಸ್ಟೆಬಲ್ ಪಿಳ್ಳಣ್ಣ ಹೋದ ಮಂಗಳವಾರ ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಬೆಂಚಿನ ಮೇಲೇ ಅವನನ್ನು ಮತ್ತೆ ಕೂರಿಸಿ, ಎದುರಿಗೆ ಎ.ಎಸ್.ಐ. ಕಾಂತರಾಜು ಕೂತಿದ್ದ. ಲಾರಿಯೊಂದು ಹಾದುಹೋದಾಗಲೆಲ್ಲ ಮೇಜಿನ ಮೇಲಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತಿದ್ದವು.

ಕಾಂತರಾಜು ಕಳ್ಳರನ್ನು ಹಿಡಿಯುವ ಪೊಲೀಸನಲ್ಲ. ಒಳ್ಳೆಯವರನ್ನು ಒಳ್ಳೆಯವರೆಂದು ಬರೆದುಕೊಡುವುದು ಅವನ ಕೆಲಸ. ಹೊರದೇಶದಲ್ಲಿ ನೆಲೆಸಲು ಹೊರಟವರ ಮೇಲೆ ಯಾವ ಕ್ರಿಮಿನಲ್ ಕೇಸೂ ಇಲ್ಲ, ಗುಣನಡತೆ ತೃಪ್ತಿಕರ ಎಂಬ ಪತ್ರ ನೆಲಮಂಗಲದ ಠಾಣೆಯಿಂದ ಹೋಗಬೇಕಾದರೆ ಮೊದಲು ಅವನ ವರದಿ ಹೋಗಬೇಕು. ಅವನು ಬರೆದ ವರದಿಗಳನ್ನೆಲ್ಲ ಒಟ್ಟಿಗೆ ಓದಿದವರಿಗೆ, ಈ ತಾಲ್ಲೂಕಿನಲ್ಲಿ ಪೊಲೀಸ್ ಠಾಣೆ ಯಾಕಿದೆ ಎಂಬ ಅನುಮಾನ ಬರುವಂತಿತ್ತು.

ಈ ಸಲ ಮಾತ್ರ ಪತ್ರ ಅರ್ಧದಲ್ಲಿ ನಿಂತಿತ್ತು. ಅರ್ಜಿದಾರಳು ಶಿಲ್ಪ, ಇಪ್ಪತ್ತಾರು ವರ್ಷದ ನರ್ಸು, ಆಸ್ಟ್ರೇಲಿಯಾದಲ್ಲಿರುವ ವರನನ್ನು ಮದುವೆಯಾಗಲು ಹೊರಟವಳು. ಅವಳ ಪರವಾಗಿ ಹೇಳಿಕೆ ಕೊಟ್ಟ ಇಬ್ಬರು ನೆರೆಯವರಲ್ಲಿ ಒಬ್ಬಳು ದ್ಯಾವಮ್ಮ. ಆ ದ್ಯಾವಮ್ಮ ಶಿಲ್ಪಳ ದೊಡ್ಡಮ್ಮ. ಒಂಬತ್ತು ವರ್ಷದ ಹಿಂದೆ, ಎಂಬತ್ತೈದನೇ ಇಸವಿಯಲ್ಲಿ, ದೊಡ್ಡಬಳ್ಳಾಪುರ ಕಡೆಯ ಮಧುರೆ ಎಂಬ ಹಳ್ಳಿಯ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದವಳು. ಅಂದು ಪೊಲೀಸರು ಅನುಮಾನದ ಮೇಲೆ ಬರೆದುಕೊಂಡಿದ್ದ ಒಂದೇ ಹೆಸರು ಶಿಲ್ಪಳದು; ಕೇಸು ಹೂಡದೆ, ಮುಂದೆ ಯಾರನ್ನೂ ಕೇಳದೆ ಅಲ್ಲಿಗೇ ಬಿಟ್ಟಿದ್ದರು.

ಕೊಲೆಯಾದವಳೇ ಬಂದು, ಕೊಲೆಯ ಅನುಮಾನ ಇರುವವಳಿಗೆ ಗುಣನಡತೆ ಕೊಟ್ಟು ಹೋಗಿದ್ದಳು.

“ಮುಖ ನೋಡ್ಲಿಲ್ವಾ?” ಎಂದ ಕಾಂತರಾಜು.

“ನಾನು ಬೆರಳು ನೋಡ್ತೀನಿ ಸಾರ್, ಮುಖ ನೋಡಲ್ಲ. ಹೆಂಗಸ್ರ ಮುಖ ನೋಡ್ತಾ ಕೂತ್ರೆ ಅದೇ ಒಂದು ಕಂಪ್ಲೇಂಟ್ ಆಗುತ್ತೆ. ತಲೆ ಮೇಲೆ ಸೆರಗಿತ್ತು. ಜಡಿಮಳೆ ಬೇರೆ.”

“ಏನಂದ್ರು?”

“ಹೆಸರು ಕೇಳ್ದೆ. ಒಂದ್ ಗಳಿಗೆ ಸುಮ್ನೆ ಕೂತಿದ್ರು. ಬೇರೆ ಯಾರ್ದೋ ಹೆಸರು ಜ್ಞಾಪಿಸ್ಕೊಳ್ಳೋ ಥರ. ಆಮೇಲೆ ದ್ಯಾವಮ್ಮ ಅಂದ್ರು. ಊರು ಮಧುರೆ ಅಂದ್ರು. ಗಂಡನ ಹೆಸರು ಕೇಳಿದ್ರೆ ಹೆಂಗಸ್ರು ನಾಚ್ಕೋತಾರಲ್ಲ ಸಾರ್, ಇವ್ರು ನಾಚ್ಲಿಲ್ಲ. ಹನುಮಯ್ಯ, ಇಲ್ಲ ಅಂದ್ರು. ಮನೇಲಿಲ್ವಾ ಅಂದೆ. ಲೋಕದಲ್ಲೇ ಇಲ್ಲ ಅಂದ್ರು.”

“ಹುಡುಗಿ ವಿಷಯ?”

ಪಿಳ್ಳಣ್ಣ ಹೋಟೆಲಿನ ಒಲೆಯ ಕಡೆ ನೋಡಿದ. “ಅದು ನೀವು ಓದಿದೀರಲ್ಲ ಸಾರ್.”

ಕಾಂತರಾಜು ಓದಿದ್ದ. ಪಿಳ್ಳಣ್ಣನ ದುಂಡು ಅಕ್ಷರದಲ್ಲಿ ಹೇಳಿಕೆಯ ಕೊನೆಯ ಸಾಲು ಹೀಗಿತ್ತು: ‘ಸದರಿ ಶಿಲ್ಪ ಎಂಬುವವರು ಒಳ್ಳೆಯ ನಡತೆಯವರಾಗಿದ್ದು, ಯಾರನ್ನೂ ಕೊಂದಿರುವುದಿಲ್ಲ.’

“ಯಾರನ್ನಾದ್ರೂ ಕೊಂದಿದಾಳಾ ಅಂತ ನೀವು ಕೇಳಿದ್ರಾ?”

“ಅಯ್ಯೋ, ಯಾರ್ ಕೇಳ್ತಾರೆ ಸಾರ್. ಅವ್ರೇ ಹೇಳಿದ್ರು.”

“ಹಂಗೇ ಬರ್ಕೊಂಡ್ಬಿಟ್ರಿ.”

“ಹೇಳಿಕೆ ನಾಲ್ಕು ಸಾಲಾದ್ರೂ ಇರ್ಬೇಕು ಅಂತೀರಿ ನೀವೇ. ನಂದು ಮೂರೇ ಆಗಿತ್ತು.”

ತುಮಕೂರು ಕಡೆಯಿಂದ ಬಂದ ಬಸ್ಸು ನಿಂತು, ಅದರಿಂದ ಛತ್ರಿಯೂ ಟಿಫನ್ ಕ್ಯಾರಿಯರ್ ಚೀಲವೂ ಹಿಡಿದ ತೆಳ್ಳನೆಯ ಮನುಷ್ಯನೊಬ್ಬ ಇಳಿದ. ಬೆರಳಚ್ಚು ತಜ್ಞ ನರಸಿಂಹಯ್ಯ. ತನ್ನ ನಿಲ್ದಾಣ ದಾಟಿ ಹೋಗಿ, ಮುಂದಿನ ಊರಿನಲ್ಲಿ ಇಳಿದು, ವಾಪಸ್ಸು ಬಸ್ಸು ಹತ್ತಿ ಬಂದಿದ್ದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ವರದಿಯನ್ನು ತಾನೇ ಕೈಯಲ್ಲಿ ಹಿಡಿದು ತಂದವನಲ್ಲ ಅವನು.

ಚೀಲದಿಂದ ಊಟದ ಡಬ್ಬಿಯ ಬದಲು ಎರಡು ದೊಡ್ಡ ಫೋಟೋ ಹೊರಬಂದವು. ಒಂದು, ಎಂಬತ್ತನಾಲ್ಕರಲ್ಲಿ ದ್ಯಾವಮ್ಮ ತನ್ನ ಪಾಲಿನ ಜಮೀನನ್ನು ಮೈದುನರಿಗೆ ಬಿಟ್ಟುಕೊಟ್ಟಾಗ ದೊಡ್ಡಬಳ್ಳಾಪುರದ ನೋಂದಣಿ ಕಚೇರಿಯ ಪುಸ್ತಕದಲ್ಲಿ ಒತ್ತಿದ ಹೆಬ್ಬೆಟ್ಟು. ಇನ್ನೊಂದು, ಹೋದ ಮಂಗಳವಾರ ಈ ಮೇಜಿನ ಮೇಲೆ ಒತ್ತಿದ್ದು.

“ಎರಡೂ ಒಂದೇ,” ಎಂದ ನರಸಿಂಹಯ್ಯ, ಟೀ ಹೇಳುವ ಮೊದಲೇ. “ಸತ್ತೋರ ಬೆರಳು ಬೇಕಾದಷ್ಟು ನೋಡಿದೀನಿ ಕಾಂತರಾಜು. ಸತ್ತು ಒಂಬತ್ತು ವರ್ಷ ಆದ್ಮೇಲೆ ನಡ್ಕೊಂಡು ಬಂದು ಒತ್ತಿರೋದು ಇದೇ ಮೊದಲು.”

“ಅನುಮಾನವೇ ಇಲ್ವಾ?”

“ಹದಿನಾಲ್ಕು ಕಡೆ ಕೂಡುತ್ತೆ. ಕೋರ್ಟಿಗೆ ಅಷ್ಟು ಬೇಕಾಗಿಲ್ಲ. ನಾನು ಬಂದಿದ್ದು ಅದಕ್ಕಲ್ಲ. ಇಲ್ಲಿ ನೋಡಿ.” ಹಳೆಯ ಅಚ್ಚಿನ ಮೇಲೆ ಭೂತಗನ್ನಡಿ ಇಟ್ಟ. “ನಡುವಿನ ಸುಳಿ ಬಿಟ್ರೆ ಸುತ್ತ ಎಲ್ಲಾ ಬಿಳಿ. ಗೆರೆ ಸವೆದುಹೋಗಿದೆ. ಕಳೆ ಕಿತ್ತ, ರಾಗಿ ಕೊಯ್ದ ಹೆಬ್ಬೆಟ್ಟು. ಈಗ ಹೊಸದು ನೋಡಿ. ಸವೆದಿದ್ದೆಲ್ಲ ವಾಪಸ್ಸು ಬಂದಿದೆ. ಮಗುವಿನ ಬೆರಳಿನ ಹಾಗೆ. ಈ ಕೈ ಮಣ್ಣು ಮುಟ್ಟಿ ಎಷ್ಟೋ ವರ್ಷ ಆಗಿದೆ.”

“ಸತ್ತೋರಿಗೆ ಹೊಲದ ಕೆಲಸ ಇರಲ್ಲವಲ್ಲ ಸಾರ್,” ಎಂದ ಪಿಳ್ಳಣ್ಣ. ಅವನು ತಮಾಷೆ ಮಾಡುತ್ತಿರಲಿಲ್ಲ.

ಕಾಂತರಾಜು ಟೀ ಲೋಟವನ್ನು ಎರಡು ಅಂಗೈ ನಡುವೆ ಹಿಡಿದು ಕೂತ. ದ್ಯಾವಮ್ಮ ಸತ್ತಿದ್ದರೆ ಹೇಳಿಕೆ ಸುಳ್ಳು, ಶಿಲ್ಪಳ ಪತ್ರ ಕೆಡುತ್ತದೆ. ಬದುಕಿದ್ದರೆ ಇನ್ನೂ ಕೆಡುತ್ತದೆ. ಯಾಕೆಂದರೆ ಬಾವಿಯಿಂದ ತೆಗೆದ ಹೆಣ ದ್ಯಾವಮ್ಮನದೆಂದು ಗುರುತು ಹೇಳಿದವಳು ಶಿಲ್ಪಳೇ. ಇವತ್ತು ಬುಧವಾರ. ಶುಕ್ರವಾರ ಸಂಜೆಯೊಳಗೆ ಪತ್ರ ತಲುಪದಿದ್ದರೆ ಅವಳ ವೀಸಾ ಅರ್ಜಿ ಮುಚ್ಚಿಹೋಗುತ್ತದೆ.

“ಸ್ಕೂಟರ್ ಸ್ಟಾರ್ಟ್ ಆಗುತ್ತೇನ್ರೀ?” ಎಂದು ಪಿಳ್ಳಣ್ಣನನ್ನು ಕೇಳಿದ.

“ತಳ್ಳಿದ್ರೆ ಆಗುತ್ತೆ. ಎಲ್ಲಿಗೆ ಸಾರ್?”

“ಮಧುರೆಗೆ.”

* * *

ಮಧುರೆಯಲ್ಲಿ ಆ ಬಾವಿ ಈಗಲೂ ಇತ್ತು. ನೀರೆತ್ತುವುದನ್ನು ಬಿಟ್ಟಿದ್ದರು. ನೀರು ಹಸುರಾಗಿ, ಅಲುಗಾಡದೆ, ಮೇಲೆ ಮುಚ್ಚಳ ಹಾಕಿದ ಹಾಗೆ ನಿಂತಿತ್ತು. ಸಣ್ಣಗೆ ಮಳೆ ಹನಿಯುತ್ತಿದ್ದರೂ ನೀರಿನ ಮೇಲೆ ಒಂದು ಉಂಗುರವೂ ಏಳುತ್ತಿರಲಿಲ್ಲ. ಬಾವಿಯ ಮೇಲೆ ಬಾಗಿದ ಹೊಂಗೆ ಮರ ಅಷ್ಟು ದಟ್ಟವಾಗಿತ್ತು.

ಬಾವಿಗೆ ನೂರು ಮಾರು ದೂರದಲ್ಲಿ ಎರಡು ಮನೆ. ಒಂದಕ್ಕೆ ಬೀಗ, ಬಾಗಿಲಿನ ಚಿಲಕದ ಸುತ್ತ ಬಳ್ಳಿ ಹಬ್ಬಿತ್ತು. ಅದು ಶಿಲ್ಪಳ ತಾಯಿ ಅನುಸೂಯಮ್ಮ, ಅವಳ ಅಕ್ಕ ದ್ಯಾವಮ್ಮ ಇದ್ದ ಮನೆ. ಇನ್ನೊಂದರ ಜಗಲಿಯ ಮೇಲೆ ಆ ಮನೆಯೊಡತಿ ಅಕ್ಕಯಮ್ಮ ಅವರೆಕಾಳು ಹಸನು ಮಾಡುತ್ತಿದ್ದಳು. ಪೊಲೀಸರನ್ನು ನೋಡಿ ಎದ್ದು ನಿಲ್ಲಲಿಲ್ಲ, ಮೊರವನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು.

“ದ್ಯಾವಮ್ಮನ ವಿಷಯನಾ ಸ್ವಾಮಿ? ಆವತ್ತು ಕೇಳಕ್ಕೆ ಬರ್ಲಿಲ್ಲ ನೀವು. ಈಗ್ ಬಂದ್ರಾ.”

“ಆವತ್ತು ನಾನಿಲ್ಲಿರ್ಲಿಲ್ಲ ಕಣಮ್ಮ. ಹೆಣ ನೋಡಿದ್ರಾ ನೀವು?”

“ಎಲ್ಲಿ ನೋಡಣ. ಹೆಂಗಸ್ರನ್ನ ಹತ್ರಕ್ಕೆ ಬಿಡ್ಲಿಲ್ಲ. ಎರಡು ದಿನ ನೀರಲ್ಲಿತ್ತು, ಮುಖ ಇರ್ಲಿಲ್ಲ ಅಂದ್ರು. ನಮ್ಮೆಜಮಾನ್ರೂ ಸೇರಿ ಐದು ಜನ ಗಂಡಸ್ರು ಮಹಜರಿಗೆ ರುಜು ಹಾಕಿದ್ರು. ಹುಡುಗಿ ಬಂದು ಸೀರೆ ನೋಡ್ತು, ನಮ್ಮ ದೊಡ್ಡಮ್ಮ ಅಂತು. ಅಷ್ಟೇಯ.”

ಕಾಂತರಾಜು ದೊಡ್ಡಬಳ್ಳಾಪುರದಿಂದ ತರಿಸಿದ್ದ ಹಳೆಯ ಮಹಜರಿನ ನಕಲು ಬಿಚ್ಚಿ ಗಟ್ಟಿಯಾಗಿ ಓದತೊಡಗಿದ. ಅದನ್ನು ಮೂರು ಸಲ ತನ್ನಷ್ಟಕ್ಕೆ ಓದಿದ್ದ. ಓದಿ ಏನೂ ಕಾಣದೆ ಮಡಚಿಟ್ಟಿದ್ದ. ಹೆಣ ಹೆಂಗಸಿನದು, ವಯಸ್ಸು ಸುಮಾರು ನಲವತ್ತು. ನೀಲಿ ಅಂಚಿನ ಹತ್ತಿ ಸೀರೆ. ಎರಡೂ ಮೊಣಕೈ ತರಚಿದೆ. ಕುತ್ತಿಗೆ ಬರಿದು. ಎರಡೂ ಪಾದದ ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರ.

ಮೊರದ ಸದ್ದು ನಿಂತಿತು.

“ಏನಂದ್ರಿ?”

“ಕಾಲುಂಗುರ. ಒಂದ್ ಜೊತೆ.”

“ದ್ಯಾವಮ್ಮನ ಗಂಡ ಸತ್ತು ಆಗ್ಲೇ ಹನ್ನೆರಡು ವರ್ಷ ಆಗಿತ್ತು ಸ್ವಾಮಿ,” ಎಂದಳು ಅಕ್ಕಯಮ್ಮ ನಿಧಾನವಾಗಿ. “ಅವನ ಹನ್ನೊಂದರ ದಿನ ಅವಳ ಕಾಲುಂಗುರ ತೆಗೆದೋಳು ನಾನೇಯ. ಬೆರಳು ಊದ್ಕಂಡಿತ್ತು. ಸೋಪು ಹಚ್ಚಿ ತೆಗೆದೆ.”

ಐದು ಗಂಡಸರು ಆ ಪಾದಗಳ ಸುತ್ತ ನಿಂತು ಸಹಿ ಹಾಕಿದ್ದರು. ಬರೆದ ಪೊಲೀಸನೂ ಗಂಡಸೇ. ಉಂಗುರ ಕಂಡಿತ್ತು, ಬರೆದಿದ್ದರು, ಬೆಳ್ಳಿ ಎಂದು ಕೂಡ ಬರೆದಿದ್ದರು. ಅದು ಯಾರ ಕಾಲಿನಲ್ಲಿರುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

“ಅನುಸೂಯಮ್ಮಂಗೆ ಗಂಡ ಇದ್ನಾ?”

“ಇದ್ದ, ಇದ್ದಂಗಿರ್ಲಿಲ್ಲ. ಹೊಸಕೋಟೆ ಕಡೆ ಇನ್ನೊಬ್ಬಳನ್ನ ಮಾಡ್ಕಂಡಿದ್ದ. ತಾಳಿ ಮಾತ್ರ ಇವಳ ಕತ್ನಲ್ಲಿತ್ತು.”

“ಅಕ್ಕ ತಂಗಿ ಹೋಲ್ತಿದ್ರಾ?”

“ಒಂದೇ ಅಚ್ಚು. ಹಿಂದ್ಲಿಂದ ನೋಡಿದ್ರೆ ಹಣೆ ನೋಡೇ ಕೂಗ್ಬೇಕಾಗಿತ್ತು.” ಹೇಳಿದ ಮೇಲೆ, ಹಿಂದಿನಿಂದ ಹಣೆ ಕಾಣದೆಂದು ಅವಳಿಗೇ ಹೊಳೆಯಿತು, ಆದರೆ ನಗಲಿಲ್ಲ.

“ಹೆಣ ಸಿಕ್ಕಿದ ಮೇಲೆ ಅನುಸೂಯಮ್ಮ ಏನ್ಮಾಡಿದ್ರು?”

“ಮೂರು ದಿನ ಗೋಡೆ ಕಡೀಕ್ ಮುಖ ಮಾಡ್ಕಂಡು ಮಲಗಿದ್ಲು. ಮುಸುಕು ತೆಗೀಲಿಲ್ಲ, ಮಾತಿಲ್ಲ, ಕತೆಯಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗ್ಲಿಗೆ ಬೀಗ. ತಿಥಿಗೂ ಈ ಊರಿಗೆ ಬರ್ಲಿಲ್ಲ.” ಅಕ್ಕಯಮ್ಮನ ಕೈ ಅವರೆಕಾಳಿನೊಳಗೆ ಹೂತಿತ್ತು. “ನಾನು ಒಳಕ್ಕೋಗಿ ಪಕ್ಕದಲ್ಲಿ ಕೂತು ಬೆನ್ನು ಸವರಿದ್ದೆ ಸ್ವಾಮಿ. ಅಳ್ಬೇಡ ಅನುಸೂಯಾ, ಹೋದೋಳು ಹೋದ್ಲು ಅಂದೆ.”

ಬಾವಿಯ ಕಡೆ ತಿರುಗಿ ನೋಡಿದಳು.

“ಯಾರ ಬೆನ್ನು ಸವರಿದೆ ನಾನು?”

* * *

ಅರಿಶಿನಕುಂಟೆಯಲ್ಲಿ ಶಿಲ್ಪಳ ಬಾಡಿಗೆ ಮನೆ ಒಂದು ಗೋಡೌನಿನ ಹಿಂದೆ ಇತ್ತು. ಹಗಲು ನಾಲ್ಕು ಗಂಟೆಗೇ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು; ಕಿಟಕಿಗಳಿಗೆಲ್ಲ ಪರದೆ. ಬೀದಿಯವರನ್ನು ಕೇಳಿದರೆ, ನರ್ಸಮ್ಮನ ತಾಯಿಯ ಕಾಯಿಲೆ ಏನೆಂದು ಯಾರಿಗೂ ಗೊತ್ತಿಲ್ಲ, ಹೊರಗೆ ಬರುವುದಿಲ್ಲ ಅಷ್ಟೇ, ಎಂದರು.

ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರ ಹಾಕಿದ ಒಂದು ಫೋಟೋ ಇತ್ತು. ಕಾಂತರಾಜು ಕೂರುವ ಮೊದಲು ಅದರ ಎದುರು ನಿಂತ.

“ಇವ್ರು?”

“ನಮ್ಮ ದೊಡ್ಡಮ್ಮ ಸಾರ್. ದ್ಯಾವಮ್ಮ,” ಎಂದಳು ಶಿಲ್ಪ. ಡ್ಯೂಟಿ ಮುಗಿಸಿ ಬಂದಿದ್ದಳು, ಕೂದಲಲ್ಲಿ ಇನ್ನೂ ಕ್ಲಿಪ್ಪುಗಳಿದ್ದವು.

“ಕುತ್ತಿಗೇಲಿ ತಾಳಿ ಇದೆ.”

“ಗಂಡ ಇದ್ದಾಗ ತೆಗೆಸಿದ್ದು.” ಉತ್ತರ ಎಷ್ಟು ಬೇಗ ಬಂತೆಂದರೆ, ಅದನ್ನು ಹಿಂದೆಯೂ ಯಾರಿಗೋ ಹೇಳಿ ರೂಢಿಯಾಗಿರಬೇಕು. “ಸಾರ್, ನಾಳಿದ್ದು ಶುಕ್ರವಾರ. ಮೆಡಿಕಲ್ ಆಯ್ತು, ಇಂಟರ್‌ವ್ಯೂ ಆಯ್ತು, ಕೆಲಸಕ್ಕೆ ರಾಜೀನಾಮೆ ಕೊಟ್ಟಾಯ್ತು. ಹತ್ತು ವರ್ಷದಲ್ಲಿ ಎಲ್ಲೆಲ್ಲಿದ್ದೆ ಅಂತ ಕೇಳಿದ್ರು, ಮಧುರೆ ಅಂತ ನಾನೇ ಬರ್ದೆ. ಮುಚ್ಚಿಡೋಳಾಗಿದ್ರೆ ಬರೀತಿದ್ನಾ?”

“ಬರೀಬಾರ್ದಾಗಿತ್ತು,” ಎಂದ ಪಿಳ್ಳಣ್ಣ ಮೂಲೆಯ ಸ್ಟೂಲಿನಿಂದ, ಮನಃಪೂರ್ವಕವಾಗಿ.

“ಒಂದು ತೊಂದ್ರೆ ಇದೆಯಮ್ಮ,” ಎಂದ ಕಾಂತರಾಜು. “ಸತ್ತೋರ ಹೇಳಿಕೆ ನಾನು ತಗೊಳ್ಳೋಕಾಗಲ್ಲ.”

“ಯಾರು ಸತ್ತೋರು? ಪಕ್ಕದ್ಮನೆ ಸೊಣ್ಣಮ್ಮನ್ನ ಕಳಿಸ್ತೀನಿ ಅಂತ ಹೇಳಿ ನಾನು ಡ್ಯೂಟಿಗೆ ಹೋದೆ. ಅವರು ಬದುಕೇ ಇದಾರೆ. ಬೇಕಾದ್ರೆ ಕರೀತೀನಿ.”

ಹೇಳಿಕೆ ಕೊಟ್ಟವಳು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಮುಖದಲ್ಲೇ ಕಂಡಿತು. ಅಷ್ಟರಲ್ಲಿ ಅಡುಗೆಮನೆಯ ಪರದೆ ಸರಿಯಿತು. ತಟ್ಟೆಯಲ್ಲಿ ಮೂರು ಲೋಟ ಕಾಫಿ ಹಿಡಿದು ಅವಳ ತಾಯಿ ಬಂದಳು. ಹಣೆಯಲ್ಲಿ ಕುಂಕುಮ, ಕಾಲಲ್ಲಿ ಉಂಗುರ. ಹೆಜ್ಜೆ ಮಾತ್ರ, ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ನಡೆಯುವವರ ಹೆಜ್ಜೆ.

ಪಿಳ್ಳಣ್ಣನ ಎದುರು ಲೋಟ ಇಟ್ಟ ಕೈಯನ್ನು ಅವನು ನೋಡಿದ. ಹೆಬ್ಬೆಟ್ಟಿನ ಉಗುರಿನ ಬುಡದಲ್ಲಿ, ಎಷ್ಟು ತಿಕ್ಕಿದರೂ ಹೋಗದ ಕಪ್ಪು ಶಾಯಿಯ ಗೆರೆ.

“ಇವ್ರೇ ಸಾರ್,” ಎಂದ. ಲೋಟ ಮುಟ್ಟಲಿಲ್ಲ.

“ಕೂತ್ಕೊಳ್ಳಿ ದ್ಯಾವಮ್ಮನೋರೇ,” ಎಂದ ಕಾಂತರಾಜು.

ಅವಳು ಬೆಚ್ಚಲಿಲ್ಲ. ಬಹಳ ದೂರದಲ್ಲಿ ಬರುತ್ತಿರುವ ಬಸ್ಸಿನ ಸದ್ದು ಕೇಳುವವಳ ಹಾಗೆ ತಲೆ ವಾಲಿಸಿ ಒಂದು ಕ್ಷಣ ನಿಂತಳು. ಆಮೇಲೆ, ಹಾರ ಹಾಕಿದ ಫೋಟೋದ ಕೆಳಗೆ, ಅದೇ ಮುಖ ಹೊತ್ತು, ನೆಲದ ಮೇಲೆ ಕೂತಳು.

ಶಿಲ್ಪ ಗೋಡೆ ಹಿಡಿದುಕೊಂಡಿದ್ದಳು. “ಏನ್ ಮಾತಾಡ್ತಿದೀರಿ ಸಾರ್? ಇವರು ನಮ್ಮಮ್ಮ.”

“ಬಾವಿಯಿಂದ ತೆಗೆದ ಹೆಣದ ಕಾಲಲ್ಲಿ ಉಂಗುರ ಇತ್ತಮ್ಮ. ವಿಧವೆ ಕಾಲಲ್ಲಿ ಇರೋದಲ್ಲ ಅದು. ಮೇಲಿರೋ ಫೋಟೋದಲ್ಲಿ ಇರೋರು ನಿಮ್ಮಮ್ಮ ಅನುಸೂಯಮ್ಮ. ಸತ್ತೋರು ಅವ್ರೇ. ಹದಿನೇಳು ವರ್ಷದ ಹುಡುಗಿ ತಾಯಿ ಹೆಣದ ಮುಂದೆ ನಿಂತು ದೊಡ್ಡಮ್ಮ ಅಂತ ಹೇಳ್ಬೇಕಾದ್ರೆ ಕಾರಣ ದೊಡ್ಡದಿರ್ಬೇಕು. ಅದನ್ನ ನೀನು ಹೇಳಿದ್ರೆ ಬರ್ಕೋತೀನಿ. ಹೇಳ್ದೆ ಇದ್ರೆ, ನಾನು ಊಹಿಸಿದ್ದನ್ನ ಬರ್ಕೋತೀನಿ. ಎರಡನೇದು ನಿಂಗೆ ಒಳ್ಳೇದಲ್ಲ.”

ಶಿಲ್ಪ ಕೂದಲಿನ ಕ್ಲಿಪ್ಪೊಂದನ್ನು ಕಿತ್ತು ಅಂಗೈಯಲ್ಲಿ ಹಿಡಿದಳು.

“ಅಮ್ಮ ಸತ್ಲು ಅಂತ ಗೊತ್ತಾದ್ರೆ ನಮ್ಮಪ್ಪ ಬರ್ತಿದ್ದ,” ಎಂದಳು ಶಿಲ್ಪ ಕೊನೆಗೆ. “ಅವನ ಎರಡನೇ ಹೆಂಡ್ತಿ ತಮ್ಮ ಒಬ್ಬ ಇದ್ದ, ಬಾಬು ಅಂತ. ನಾನು ಅವನ ಮುಖ ನೋಡಿಲ್ಲ. ನನ್ನ ಅವನಿಗೆ ಕೊಡ್ಬೇಕು ಅಂತ ಅಪ್ಪ ಒಂದು ವರ್ಷದಿಂದ ಕೂತಿದ್ದ. ಅಮ್ಮ ಬಾಗ್ಲಲ್ಲಿ ಕುಡುಗೋಲು ಇಟ್ಕೊಂಡು ಮಲಗ್ತಿದ್ಲು. ಅವಳೊಬ್ಬಳು ಇದ್ಲು ಅಂತ ನಾನು ಉಳ್ಕೊಂಡಿದ್ದೆ. ಬಾವೀಲಿ ಕಾಲು ಜಾರಿ ಬಿದ್ಲು. ಆಗ ದೊಡ್ಡಮ್ಮನೇ ಹೇಳಿದ್ದು.” ನೆಲದ ಕಡೆ ನೋಡಿದಳು. ಅಲ್ಲಿ ಕೂತವಳಿಗೆ ಆ ಶಬ್ದವನ್ನು ಒಂಬತ್ತು ವರ್ಷದಲ್ಲಿ ಮೊದಲ ಸಲ ಆಡಿದ್ದಳೆಂದು ಕಾಣುತ್ತದೆ, ಬಾಯಲ್ಲಿ ಸರಿಯಾಗಿ ಕೂರಲಿಲ್ಲ.

“ವಿಧವೆ ಸತ್ರೆ ಯಾರೂ ಕೇಳಲ್ಲ, ನಾನು ಸತ್ತೆ ಅಂದ್ಬಿಡು ಅಂದೆ,” ಎಂದಳು ದ್ಯಾವಮ್ಮ. ಪೊಲೀಸರೆದುರು ಅವಳ ಮೊದಲ ಮಾತು ಅದು. “ಯಾರೂ ಕೇಳ್ಲಿಲ್ಲ.”

“ಆದ್ರೆ ನೀನ್ಯಾಕೆ ಹೋದೆ ಹೋಟ್ಲಿಗೆ?” ಶಿಲ್ಪ ಅವಳೆದುರು ಕುಕ್ಕರಿಸಿದಳು. “ಸೊಣ್ಣಮ್ಮ ಹೋಗ್ತಿದ್ರಲ್ಲ. ಹೋದೋಳು ಆ ಹೆಸರು ಯಾಕೆ ಹೇಳಿದೆ? ಬಾಯಿ ತಪ್ತಾ?”

“ಇಲ್ಲ.”

“ಮತ್ತೆ?”

“ಸೊಣ್ಣಮ್ಮಂಗೆ ಬೇಡ ಅಂದು ನಾನೇ ಹೋದೆ. ಸತ್ತೋಳ ಹೆಸರು ಹೇಳಿದ್ರೆ ಪೊಲೀಸ್ನೋರು ಹುಡುಕ್ಕೊಂಡು ಬರ್ತಾರೆ ಅಂತ ಹೇಳ್ದೆ. ಇವ್ರು ಬರ್ಕೊಂಡು ಸುಮ್ಮನಾದ್ರು.” ಪಿಳ್ಳಣ್ಣನ ಕಡೆ ಬೇಸರದಿಂದ ನೋಡಿದಳು. “ಅದಕ್ಕೆ ಕೊಂದಿಲ್ಲ ಅಂತಾನೂ ಸೇರಿಸ್ದೆ. ಆಗ್ಲಾದ್ರೂ ಕೇಳ್ಲಿ ಅಂತ.”

“ನನ್ನ ತಡೆಯೋಕಾ?” ಶಿಲ್ಪಳ ಧ್ವನಿ ಏರಲಿಲ್ಲ, ಇನ್ನೂ ಇಳಿಯಿತು. “ನಿನ್ನ ಬಿಟ್ಟು ಹೋಗ್ತೀನಿ ಅಂತ?”

“ನನ್ನ ಬಿಟ್ಟು ಲೋಕದ ಕೊನೇಗೆ ಹೋಗು ಮಗಾ. ಅವನ ಹತ್ರ ಹೋಗ್ಬೇಡ.”

ದ್ಯಾವಮ್ಮ ಕಾಂತರಾಜುವಿನ ಕಡೆ ತಿರುಗಿದಳು.

“ಇವಳಮ್ಮ ಜಾರಿ ಬೀಳ್ಲಿಲ್ಲ ಸಾಯೇಬ್ರೆ. ಇವಳಿಗೆ ಹಂಗೆ ಹೇಳ್ಕಂಡು ಬಂದಿದ್ದೆ. ಹುಲ್ಲು ಹೊರೆ ಹೊತ್ಕಂಡು ಬಂದೆ ನಾನು. ಬಾವಿಕಟ್ಟೆ ಮೇಲೊಬ್ಬ ಕೂತು ಕಾಲು ತೊಳೀತಿದ್ದ, ನಿಧಾನಕ್ಕೆ, ಊಟಕ್ಕೆ ಹೊರಟೋನ ಹಂಗೆ. ತಲೆ ಎತ್ತಿ ನನ್ನ ನೋಡಿದ. ಈಗಿನ್ನ ತಾನು ಮುಳುಗಿಸಿದೋಳು ಎದುರಿಗೆ ಬಂದು ನಿಂತವಳೆ ಅಂದ್ಕಂಡ. ಆ ಮುಖ ನಾನು ಸಾಯೋವರ್ಗೂ ಮರೆಯಲ್ಲ. ಚಪ್ಪಲಿ ಬಿಟ್ಟು ಓಡಿದ. ಕಟ್ಟೆ ಮೇಲೆ ಇವಳಮ್ಮನ ತಾಳಿ ಕಿತ್ತು ಬಿದ್ದಿತ್ತು. ನಾನು ಬಗ್ಗಿ ನೋಡ್ದಾಗ ನೀರು ಇನ್ನೂ ಅಲ್ಲಾಡ್ತಿತ್ತು.”

“ಆವತ್ತೇ ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ಸತ್ತೋಳು ಇವಳಮ್ಮ ಅಂತಾಗ್ತಿತ್ತು. ಇವಳಪ್ಪ ಬಂದು ಇವಳನ್ನ ಅವನ ಕೈಗೇ ಕೊಡ್ತಿದ್ದ.”

ಪಿಳ್ಳಣ್ಣನ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

“ಹೋದ ತಿಂಗಳು ಅರ್ಜಿ ಜೊತೆ ಗಂಡಿನ ಫೋಟೋ ಬಂತು,” ಎಂದಳು ದ್ಯಾವಮ್ಮ. “ಈ ಮಗು ಕುಣೀತಾ ತಂದು ತೋರಿಸ್ತು. ಮೈ ಬಂದಿದೆ, ಕನ್ನಡಕ ಬಂದಿದೆ. ಆ ಕಣ್ಣು ಅದೇಯ.”

“ಶ್ರೀಧರ್ ಅಂತ ಅವರ ಹೆಸರು,” ಎಂದಳು ಶಿಲ್ಪ. “ಪೇಪರಲ್ಲಿ ಜಾಹೀರಾತು ನೋಡಿ ನಾನೇ ಬರೆದಿದ್ದು. ಅಲ್ಲಿ ಫಿಟ್ಟರ್. ಅಲ್ಲಿನ ಪ್ರಜೆ ಆಗಿದಾರೆ. ಹೆಸರು ಶ್ರೀಧರ್.”

“ಮನೇಲಿ ಬಾಬು. ನೀನಿಲ್ದಾಗ ನಿಮ್ಮಪ್ಪನ ಜೊತೆ ಹೆಣ್ಣು ಕೇಳಕ್ಕೆ ಬಂದಿದ್ದ, ನಾನು ಒಳಗಿಂದ ನೋಡಿದ್ದೆ.”

ಶಿಲ್ಪ ಹಾರ ಹಾಕಿದ ಫೋಟೋದ ಕಡೆ ನೋಡಿದಳು.

“ಹೋಗೋಳು ಒಳ್ಳೇಳಾ ಅಂತ ಇಷ್ಟು ಜನ ಕೇಳ್ತೀರಿ,” ಎಂದಳು ದ್ಯಾವಮ್ಮ. “ಕರೆಸ್ಕೊಳ್ಳೋನು ಯಾರು ಅಂತ ಯಾರು ಕೇಳಿದ್ರಿ ಸಾಯೇಬ್ರೆ?”

“ಕೇಳಿರ್ತಾರೆ,” ಎಂದ ಕಾಂತರಾಜು. ಸರ್ಕಾರದ ಪರವಾಗಿ ಮಾತಾಡುವುದು ಅವನಿಗೆ ಅಭ್ಯಾಸ. “ಅವನೂ ಹೋಗುವಾಗ ಇಂಥದೇ ಪತ್ರ ತಗೊಂಡಿರ್ಬೇಕು. ಕೇಸಿದ್ರೆ ಆ ದೇಶದೋರು ಒಳಗೆ ಬಿಡಲ್ಲ, ಪ್ರಜೆ ಅಂತೂ ಮಾಡ್ಕೊಳ್ಳಲ್ಲ.”

ಶಿಲ್ಪ ಎದ್ದು ಟ್ರಂಕಿನಿಂದ ಒಂದು ದಪ್ಪ ಕವರು ತಂದಳು. ನಡಿಗೆ ವಾರ್ಡಿನಲ್ಲಿ ನಡೆಯುವವಳ ಹಾಗಿತ್ತು, ಸದ್ದಿಲ್ಲದೆ, ನೆಟ್ಟಗೆ. “ಇದೆ ಸಾರ್. ಹೀಗೇ ಇರ್ಬೇಕು ಅಂತ ಅವರದರ ಜೆರಾಕ್ಸ್ ನನಗೆ ಕಳಿಸಿದ್ರು.”

ಕಾಂತರಾಜು ಓದಿದ. ಹೊಸಕೋಟೆ ಠಾಣೆ. ಸದರಿ ಶ್ರೀಧರ್ ಎಂಬುವವರು ಸೌಮ್ಯ ಸ್ವಭಾವದವರಾಗಿದ್ದು, ನೆರೆಹೊರೆಯಲ್ಲಿ ಒಳ್ಳೆಯ ಹೆಸರು ಪಡೆದಿದ್ದು, ಖುದ್ದಾಗಿ ವಿಚಾರಿಸಲಾಗಿ ಗುಣನಡತೆ ತೃಪ್ತಿಕರ. ತಾರೀಖು ಹದಿನಾಲ್ಕು ಮಾರ್ಚ್ ಎಂಬತ್ತೈದು. ಬಾವಿಯಿಂದ ಹೆಣ ತೆಗೆದು ಮೂರು ದಿನ ಆಗಿತ್ತು.

ವಾಕ್ಯದ ಓಟ ಅವನಿಗೆ ಗುರುತು ಸಿಕ್ಕಿತು, ತನ್ನದೇ ಕೆಮ್ಮು ಕೇಳಿದಂತೆ. ಕಣ್ಣು ಕೆಳಗೆ ಹೋಗುವ ಮೊದಲೇ ಕೆಳಗೆ ಏನಿದೆಯೆಂದು ಗೊತ್ತಾಗಿತ್ತು. ಆಗ ಕಾಂತರಾಜು ಹೊಸಕೋಟೆ ಠಾಣೆಯಲ್ಲಿದ್ದ. ಸಹಿಯ ‘ಕಾ’ ಈಗಿನಷ್ಟು ಅಲುಗಾಡುತ್ತಿರಲಿಲ್ಲ.

ಶ್ರೀಧರ್ ಎಂಬವನ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ಯಾವ ಮುಖವೂ ಬರಲಿಲ್ಲ.

ಪಿಳ್ಳಣ್ಣ ಬಗ್ಗಿ ಕಾಗದ ನೋಡಿ, ಏನೂ ಓದಲು ಬಾರದವನ ಹಾಗೆ ಮತ್ತೆ ಹೋಗಿ ಸ್ಟೂಲಿನ ಮೇಲೆ ಕೂತ.

“ಈಗ ಇವಳಿಗೂ ಬರ್ದುಕೊಡ್ತೀರಾ ಸಾಯೇಬ್ರೆ?” ಎಂದಳು ದ್ಯಾವಮ್ಮ.

ಕಾಂತರಾಜು ಕಾಗದವನ್ನು ಮಡಚಿದ. ಉತ್ತರ ಕೊಟ್ಟವಳು ಶಿಲ್ಪ. ಅವಳು ಫೋಟೋದೆದುರು ನಿಂತು, ಜಾರಿದ್ದ ಹಾರವನ್ನು ಸರಿಮಾಡುತ್ತಿದ್ದಳು. ಕಣ್ಣು ಒಣಗಿತ್ತು. ರೋಗಿಗೆ ಇಂಜೆಕ್ಷನ್ ಚುಚ್ಚುವ ಮೊದಲು ನರ್ಸುಗಳು ಆಡುವ, ತೀರಾ ನಯವಾದ ಧ್ವನಿಯಲ್ಲಿ ಮಾತಾಡಿದಳು.

“ಕೊಡ್ತಾರೆ ದೊಡ್ಡಮ್ಮ. ನಾನು ಹೋಗ್ತೀನಿ. ಅವರು ಕಾಯ್ತಿದಾರೆ.” ಆಮೇಲೆ ಕಾಂತರಾಜುವಿನ ಕಡೆ ತಿರುಗಿದಳು. “ಬರ್ದುಕೊಡಿ ಸಾರ್. ಇವತ್ತಿನವರೆಗೆ ನನ್ನ ಮೇಲೆ ಯಾವ ಕೇಸೂ ಇಲ್ಲವಲ್ಲ.”